ನಾಲ್ಕನೆಯ ಪ್ರಾರ್ಥನಾ ವಿಷಯ

ಅಯ್ಯನವರಿಗೆ ಪಂಪು ರಿಪೇರಿ ಬರುತ್ತಿರಲಿಲ್ಲ. ಈ ಸಂಗತಿ ಹನ್ನೊಂದು ವರ್ಷಗಳಿಂದ ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದವರೆಂದರೆ ಅಯ್ಯನವರು ಒಬ್ಬರೇ.

ಅವರು ಸ್ವಂತ ಊರು ಬಿಟ್ಟು, ಸಮುದ್ರ ದಾಟಿ ಆ ಪರದೇಶಕ್ಕೆ ಬಂದದ್ದು ಯೇಸುವಿನ ಸುವಾರ್ತೆ ಸಾರುವುದಕ್ಕೆ. ಕಳಿಸಿಕೊಡುವಾಗ ಮಿಷನ್ನಿನ ಹಿರಿಯರು ಒಬ್ಬರಾದ ಮೇಲೊಬ್ಬರು ಭಾಷಣ ಮಾಡಿದ್ದರು. ಪಾದ್ರಿಯ ಕೆಲಸವೆಂದರೆ ಆತ್ಮಗಳ ಕೊಯ್ಲು ಎಂದಿದ್ದರು. ಕುಡಿಯುವ ನೀರನ್ನು ದಿನಾ ಬೆಳಿಗ್ಗೆ ಕುದಿಸಿ ಆರಿಸಬೇಕು, ಸ್ಟವ್ವಿನ ಬತ್ತಿಯನ್ನು ವಾರಕ್ಕೊಮ್ಮೆ ಕತ್ತರಿಸಬೇಕು, ಒಗೆದ ಬಟ್ಟೆ ಗಾಳಿಗೆ ಹಾರಿ ಪಕ್ಕದ ಮನೆಯ ಮಾಡಿನ ಮೇಲೆ ಕೂರದ ಹಾಗೆ ಕ್ಲಿಪ್ಪು ಹಾಕಬೇಕು, ಮೂರು ತಿಂಗಳಿಗೊಮ್ಮೆ ಪರವಾನಗಿ ಕಚೇರಿಯ ಸಾಲಿನಲ್ಲಿ ನಿಂತು 'ನಾವು ಇನ್ನೂ ಇಲ್ಲೇ ಇದ್ದೇವೆ' ಎಂದು ರುಜು ಹಾಕಬೇಕು ಎಂಬ ಮಾತನ್ನು ಮಾತ್ರ ಯಾರೂ ಎತ್ತಿರಲಿಲ್ಲ. ಇದೆಲ್ಲ ಮುಗಿದ ಮೇಲೆ ಆತ್ಮಗಳಿಗೆಂದು ಉಳಿಯುತ್ತಿದ್ದದ್ದು ಭಾನುವಾರದ ಒಂದೂವರೆ ಗಂಟೆ. ಅದರಲ್ಲೂ ಅರ್ಧ ಗಂಟೆ ಬೆಂಚು ಒರೆಸುವುದರಲ್ಲಿ ಹೋಗುತ್ತಿತ್ತು.

ಆದರೆ ಪಂಪು ಇತ್ತಲ್ಲ. ಮಿಷನ್ ಮನೆಯ ಅಂಗಳದಲ್ಲಿದ್ದ ಆ ಕೈಪಂಪಿನ ನೀರೇ ಬೀದಿಗೆಲ್ಲ ಗತಿ. ವಾರಕ್ಕೆರಡು ಸಲ ಅದು ಕೆಟ್ಟು ಕೂರುತ್ತಿತ್ತು. ಆಗ ಅಯ್ಯನವರು ತೋಳು ಮಡಚಿಕೊಂಡು, ಒಂದು ಗಜಗಾತ್ರದ ಸ್ಪ್ಯಾನರ್ ಹಿಡಿದುಕೊಂಡು ಬರುತ್ತಿದ್ದರು. ಬುಡಕ್ಕೊಂದು, ನಡುವಿಗೊಂದು, ನೆತ್ತಿಗೊಂದು ಪೆಟ್ಟು. ಆಮೇಲೆ ಕಿವಿಗೊಟ್ಟು ಆಲಿಸಿ "ಹೂಂ" ಎನ್ನುತ್ತಿದ್ದರು. ಪಂಪೂ ತನ್ನ ಪಾಡಿಗೆ ಒಂದೋ ಎರಡೋ ಗಂಟೆ ವಿಶ್ರಾಂತಿ ತೆಗೆದುಕೊಂಡು, ಮನಸ್ಸಾದಾಗ ತಾನೇ ನೀರು ಕೊಡುತ್ತಿತ್ತು. ಅಲ್ಲಿಯ ತನಕ ಬೀದಿಯವರು ಬಕೆಟ್ಟು ಬೋರಲು ಹಾಕಿ, ಅಯ್ಯನವರ ಮನೆಯ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಿದ್ದರು. ದರ್ಜಿ ತನ್ನ ಅಳಿಯನ ಸೋಮಾರಿತನ ಹೇಳಿಕೊಳ್ಳುತ್ತಿದ್ದ. ಬೇಕರಿ ಅಜ್ಜಿ ತನ್ನ ಮಂಡಿನೋವಿನ ವಿಷಯ ಹೇಳುತ್ತಿದ್ದಳು. ಅಯ್ಯನವರು ನಡುನಡುವೆ ಸ್ಪ್ಯಾನರ್ ಬೀಸುತ್ತ, "ಆಮೇಲೆ? ಆಮೇಲೆ?" ಎನ್ನುತ್ತ ಎಲ್ಲವನ್ನೂ ಕೇಳುತ್ತಿದ್ದರು. ಅವರಿಗೆ ನಿಜವಾಗಿ ಬರುತ್ತಿದ್ದ ಕೆಲಸ ಅದೊಂದೇ. ಅದನ್ನು ಅವರು ಕೆಲಸವೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬೀದಿಯವರು ಅವರಿಗೆ 'ನೀರಿನ ಅಯ್ಯನವರು' ಎಂದು ಹೆಸರಿಟ್ಟಿದ್ದರು. ಅದನ್ನು ಇಟ್ಟದ್ದು ಅಲ್ಲಿಯ ಭಾಷೆಯಲ್ಲಿ, ಆ ಮಾತು ಬೇರೆ. ಓದುವವರಿಗೆ ತೊಂದರೆಯಾಗದಿರಲೆಂದು ಈ ಕಥೆಯಲ್ಲಿ ಎಲ್ಲರ ಬಾಯಿಗೂ ಕನ್ನಡವನ್ನೇ ಹಾಕಿದೆ. ಆ ಹೆಸರು ಕೇಳಿದಾಗಲೆಲ್ಲ ಅಯ್ಯನವರ ಎದೆ ಎರಡಂಗುಲ ಮುಂದೆ ಬರುತ್ತಿತ್ತು.

ಹೀಗಿರುವಾಗ ಮಿಷನ್ನಿನವರು ಅವರ ಸಹಾಯಕ್ಕೆಂದು ಒಬ್ಬ ಕಿರಿಯ ಪಾದ್ರಿಯನ್ನು ಕಳಿಸಿಕೊಟ್ಟರು. ವಯಸ್ಸು ಇಪ್ಪತ್ತೆಂಟು, ಮದುವೆಯಿಲ್ಲ, ಮಾತು ಕಡಿಮೆ. ಒಂದು ಕೈಯಲ್ಲಿ ಸತ್ಯವೇದ, ಅಂದರೆ ಬೈಬಲ್ಲು, ಇನ್ನೊಂದು ಕೈಯಲ್ಲಿ ಹತಾರದ ಪೆಟ್ಟಿಗೆ. ಬೀದಿಯವರು ಮೊದಲ ದಿನವೇ ಅವನನ್ನು ಚಿಕ್ಕಯ್ಯ ಎಂದರು.

ಅಯ್ಯನವರು ಅವನನ್ನು ಮೊಟ್ಟಮೊದಲು ಕರೆದುಕೊಂಡು ಹೋದದ್ದು ಪಂಪಿನ ಹತ್ತಿರಕ್ಕೇ. ಅಂದು ಅದು ಕೆಟ್ಟಿತ್ತು.

"ಇದರ ಸ್ವಭಾವ ಸೂಕ್ಷ್ಮ," ಎಂದರು. "ನಿಮಗೆ ಇದು ಒಗ್ಗೋಕೆ ಎರಡು ಮೂರು ವರ್ಷನಾದ್ರೂ ಬೇಕು. ನಾನು ಹೊಡೆಯೋದನ್ನ ಸುಮ್ನೆ ನೋಡ್ತಾ ಇರಿ."

ಚಿಕ್ಕಯ್ಯ ಮೂರು ಪೆಟ್ಟನ್ನೂ ಭಯಭಕ್ತಿಯಿಂದ ನೋಡಿದ. "ಯಾವತ್ತಾದ್ರೂ ಬಿಚ್ಚಿ ನೋಡಿದ್ದೀರಾ ಅಯ್ಯನವರೇ?" ಎಂದ.

"ಬಿಚ್ಚೋದಾ? ಚೆನ್ನಾಗಿರೋ ಪಂಪನ್ನ ಯಾಕೆ ಬಿಚ್ಚಬೇಕು?"

ಚಿಕ್ಕಯ್ಯ ಅಪ್ಪಣೆ ಕೇಳಿ ಬಿಚ್ಚಿದ. ಒಳಗಿನಿಂದ ತೊಗಲಿನ ವಾಷರ್ ಒಂದನ್ನು ಎಳೆದು ತೆಗೆದ. ಅದು ಹರಿದು ಚಿಂದಿಯಾಗಿತ್ತು. ತನ್ನ ಪೆಟ್ಟಿಗೆಯಿಂದ ಹೊಸದೊಂದು ಹಾಕಿ ಮುಚ್ಚಿದ. ನಲವತ್ತು ನಿಮಿಷದ ಕೆಲಸ. ಹಿಡಿ ಒತ್ತಿದರೆ ನೀರು ಎಂಥ ರಭಸದಿಂದ ಬಂತೆಂದರೆ ದರ್ಜಿಯ ಬಕೆಟ್ಟು ಉರುಳಿಯೇ ಹೋಯಿತು. ಬೀದಿಯವರು ಹೋ ಎಂದು ಚಪ್ಪಾಳೆ ತಟ್ಟಿದರು. ಅಯ್ಯನವರೂ ತಟ್ಟಿದರು, ಒಂದು ಕೈಯಲ್ಲಿ ಸ್ಪ್ಯಾನರ್ ಇದ್ದುದರಿಂದ ಸದ್ದು ಬರಲಿಲ್ಲ.

ಅಂದಿನಿಂದ ಪಂಪು ಕೆಡುವುದನ್ನೇ ಬಿಟ್ಟಿತು. ಚಿಕ್ಕಯ್ಯ ಅಷ್ಟಕ್ಕೇ ಸುಮ್ಮನಾಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಅವನು ಸ್ಟವ್ವಿಗೆ ಕೈ ಹಾಕಿದ. ಅಡುಗೆಮನೆಯ ಕಿಟಕಿಯಿಂದ ಅಂಗಳದ ಕಂಬಕ್ಕೆ ರಾಟೆ ಕಟ್ಟಿ, ನಿಂತಲ್ಲೇ ನಿಂತು ಬಟ್ಟೆ ಒಣಹಾಕುವ ಹಾಗೆ ಮಾಡಿದ.

"ಸ್ಟವ್ವಿಂದ ಈಗ ಹೊಗೆನೇ ಬರಲ್ಲ ಕಣ್ರೀ," ಎಂದರು ಅಮ್ಮನವರು, ಅಂದರೆ ಅಯ್ಯನವರ ಹೆಂಡತಿ.

"ಹೊಗೆ ಇತ್ತು ಅಂತ ಸೊಳ್ಳೆ ಬರ್ತಿರಲಿಲ್ಲ. ಈಗ ಬರುತ್ತೆ ನೋಡು."

"ಬಟ್ಟೆ ಹಾಕೋಕೆ ಅಂಗಳಕ್ಕೆ ಹೋಗೋದೂ ತಪ್ಪಿತು."

"ಮನುಷ್ಯ ಅಂದ್ಮೇಲೆ ಬಟ್ಟೆ ಹಾಕೋಕಾದ್ರೂ ನಾಲ್ಕು ಹೆಜ್ಜೆ ನಡೀಬೇಕು. ಹೀಗೆ ಕಿಟಕೀಲಿ ನಿಂತು ಹಗ್ಗ ಎಳೆಯೋದು ಅಂದ್ರೆ ಅದೆಂಥ ಸಂಸಾರ?"

ಅಮ್ಮನವರು ಗಂಡನ ಮುಖ ನೋಡಿದರು. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಹೆಂಗಸು, ಆ ಮುಖವನ್ನು ಓದುವುದಕ್ಕೆ ಅವರಿಗೆ ಕನ್ನಡಕ ಬೇಕಾಗಿರಲಿಲ್ಲ.

ಪರವಾನಗಿ ಕಚೇರಿಯಲ್ಲೂ ಅದೇ ಕಥೆ. ಹನ್ನೊಂದು ವರ್ಷ ಅಯ್ಯನವರನ್ನು ಕಂಡೊಡನೆ ಕುರ್ಚಿ ತೋರಿಸುತ್ತಿದ್ದ ಗುಮಾಸ್ತ, ಈ ಸಲ ಅವರ ಹೆಗಲ ಮೇಲಿಂದ ಬಾಗಿಲ ಕಡೆ ಕಣ್ಣು ಹಾಯಿಸಿ, "ಚಿಕ್ಕಯ್ಯ ಬರಲಿಲ್ವಾ? ನಮ್ಮ ಫ್ಯಾನು ತಿರುಗ್ತಾ ಇಲ್ಲ," ಎಂದ.

"ಗಾಳಿ ದೇವರು ಕೊಡೋದು," ಎಂದರು ಅಯ್ಯನವರು.

"ಅದು ಸರಿ, ಆದರೂ ನಾಳೆ ಅವರನ್ನ ಕಳಿಸಿ," ಎಂದ ಗುಮಾಸ್ತ.

ಎಲ್ಲಕ್ಕಿಂತ ಕಷ್ಟವಾದದ್ದು ಮೆಟ್ಟಿಲು. ಪಂಪು ನೆಟ್ಟಗಿದ್ದ ಮೇಲೆ ಕಾಯುವ ಮಾತೆಲ್ಲಿಯದು? ಜನ ಬರುತ್ತಿದ್ದರು, ಹಿಡಿ ಒತ್ತುತ್ತಿದ್ದರು, ಬಕೆಟ್ಟು ತುಂಬುತ್ತಿತ್ತು, ಹೋಗುತ್ತಿದ್ದರು. ಅಯ್ಯನವರು ಮೊದಲಿನ ಹೊತ್ತಿಗೆ ಸರಿಯಾಗಿ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. "ಅಳಿಯ ಹೇಗಿದ್ದಾನಪ್ಪ?" ಎಂದರೆ ದರ್ಜಿ, "ಇದ್ದಾನೆ, ಇದ್ದಾನೆ," ಎಂದು ನಡೆಯುತ್ತಲೇ ಹೇಳಿ ಮೂಲೆ ತಿರುಗುತ್ತಿದ್ದ. ಅಯ್ಯನವರಿಗೆ ದುಃಖವಾಗುತ್ತಿತ್ತು. ಅದು ದುಃಖವೆಂದು ಒಪ್ಪಿಕೊಳ್ಳುವ ಬದಲು ಅವರು ಅದನ್ನು ಚಿಕ್ಕಯ್ಯನ ಮೇಲಿನ ಸಿಟ್ಟೆಂದು ಬಗೆದರು. ಸಿಟ್ಟಾದರೆ ಏನಾದರೂ ಮಾಡಬಹುದು.

ಮಾಡುವುದಕ್ಕೆ ಅವರ ಕೈಯಲ್ಲಿದ್ದದ್ದು ಒಂದೇ ಆಯುಧ, ಪ್ರಾರ್ಥನಾ ಪತ್ರ.

ಪ್ರಾರ್ಥನಾ ಪತ್ರವೆಂದರೆ, ಹೊರದೇಶದಲ್ಲಿರುವ ಪ್ರತಿಯೊಬ್ಬ ಪಾದ್ರಿಯೂ ತಿಂಗಳಿಗೊಮ್ಮೆ ಊರಿನ ಮಿಷನ್ನಿಗೆ ಬರೆಯಬೇಕಾದ ಒಂದು ಹಾಳೆ. ಅದರ ಕೊನೆಗೆ ನಾಲ್ಕು ಪ್ರಾರ್ಥನಾ ವಿಷಯಗಳಿರಬೇಕು. ಊರಿನ ಚರ್ಚು ಸಭೆಗಳಲ್ಲಿ ಅದನ್ನು ಗಟ್ಟಿಯಾಗಿ ಓದಿ, ಎಲ್ಲರೂ ಮೊಣಕಾಲೂರಿ ಒಂದೊಂದಕ್ಕೂ ಪ್ರಾರ್ಥಿಸುತ್ತಾರೆ. ಅಯ್ಯನವರ ಮೊದಲ ಮೂರು ವಿಷಯಗಳು ಹನ್ನೊಂದು ವರ್ಷಗಳಿಂದ ಬದಲಾಗಿರಲಿಲ್ಲ: ಸುವಾರ್ತೆಯ ಬೆಳೆ, ಅಮ್ಮನವರ ಸೊಂಟ, ಪರವಾನಗಿ ಕಚೇರಿ. ನಾಲ್ಕನೆಯದನ್ನು ಮಾತ್ರ ಆಯಾ ತಿಂಗಳಿಗೆ ತಕ್ಕ ಹಾಗೆ ಬರೆಯುತ್ತಿದ್ದರು. ಆ ಹಾಳೆಯಲ್ಲಿ ಜೊತೆಯವನನ್ನು ದೂರುವ ಹಾಗಿಲ್ಲ, ದೂರಿದರೆ ಮಿಷನ್ನಿನವರು ಛೀಮಾರಿ ಹಾಕುತ್ತಾರೆ. ಆದರೆ ಅದೇ ದೂರಿನ ತುದಿಗೆ 'ದಯವಿಟ್ಟು ಪ್ರಾರ್ಥಿಸಿರಿ' ಎಂದು ಸೇರಿಸಿದರೆ ಅದು ಕಾಳಜಿಯಾಗುತ್ತದೆ. ಈ ಸೌಲಭ್ಯ ಅಯ್ಯನವರಿಗೆ ಈ ತನಕ ಬೇಕಾಗಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮುಗಿಸಿ ಕೂತು ಹೀಗೆ ಬರೆದರು: 'ನಾಲ್ಕು. ನಮ್ಮ ಕಿರಿಯ ಸಹೋದರನಿಗಾಗಿ ಭಾರವುಳ್ಳವರಾಗಿ ಪ್ರಾರ್ಥಿಸಿರಿ. ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ ಗ್ರೀಸಿನಲ್ಲೇ ಕೈಯಿಟ್ಟಿರುವ ಈತನಿಗೆ ಸತ್ಯವೇದ ತೆರೆಯಲು ಬಿಡುವಾಗುವುದೋ ಇಲ್ಲವೋ ಎಂಬ ಚಿಂತೆ ನನ್ನನ್ನು ಕಾಡುತ್ತದೆ. ಬಹಳ ಸೊರಗಿದ್ದಾನೆ.'

ಲಕೋಟೆ ಅಂಟಿಸುವ ಮುಂಚೆ ಅಮ್ಮನವರು ಓದಿದರು. "ಇದು ಪ್ರಾರ್ಥನೆನೋ ಚಾಡಿನೋ?" ಎಂದು ಕೇಳಿದರು.

"ಕಾಳಜಿ."

"ಸೊರಗಿದ್ದಾನೆ ಅಂತ ಬರೆದಿದ್ದೀರಿ. ನಿನ್ನೆ ತಾನೇ ಮೂರು ಸಲ ಬಡಿಸಿಕೊಂಡು ಉಂಡ."

"ನಾನು ಬರೆದದ್ದು ಒಳಗಿನ ಮನುಷ್ಯನ ವಿಷಯ," ಎಂದರು ಅಯ್ಯನವರು. ಹೀಗೆ ಸತ್ಯವೇದದಿಂದ ಪೌಲನ ಮಾತನ್ನು ಅಡ್ಡ ಹಿಡಿದರೆ ಅಮ್ಮನವರು ಸುಮ್ಮನಾಗುತ್ತಿದ್ದರು.

ಒಂದೂವರೆ ತಿಂಗಳಿಗೆ ಊರಿನಿಂದ ಉತ್ತರ ಬಂತು. ಉತ್ತರವೆಂದರೆ ಕಾಗದವಲ್ಲ, ಒಂದು ಟ್ರಂಕು. ಹನ್ನೊಂದು ವರ್ಷದಲ್ಲಿ ಅಯ್ಯನವರಿಗೆ ಊರಿನಿಂದ ಬಂದದ್ದು ಎರಡು ಕ್ಯಾಲೆಂಡರು, ಅದರಲ್ಲೊಂದು ಹಿಂದಿನ ವರ್ಷದ್ದು. ಟ್ರಂಕಿನೊಳಗೆ ಸ್ತ್ರೀ ಸಮಾಜದವರು ಸರದಿಯ ಮೇಲೆ ಹೆಣೆದ ಉಣ್ಣೆಯ ಸ್ವೆಟರ್, ಮೂರು ಬಾಟಲಿ ಟಾನಿಕ್ಕು, ಗ್ರೀಸು ಮೆತ್ತದಂಥ ಕೈಗವಸು, ದೊಡ್ಡಕ್ಷರದ ಹೊಸ ಸತ್ಯವೇದ. ಎಲ್ಲವೂ ಚಿಕ್ಕಯ್ಯನಿಗೆ. ತಳದಲ್ಲಿ ಅಯ್ಯನವರ ಹೆಸರು ಬರೆದ ಒಂದು ಪೊಟ್ಟಣ ಸಿಕ್ಕಿತು. ಅವರು ಆತುರಾತುರವಾಗಿ ಬಿಚ್ಚಿದರು. ಒಂದು ಸೀಸೆ ಎಣ್ಣೆ, ಜೊತೆಗೊಂದು ಚೀಟಿ: 'ತಮ್ಮ ಪತ್ರ ಓದಿ ಇಲ್ಲಿ ಅಳದವರಿಲ್ಲ. ಸೊರಗಿದ ಆ ಸಹೋದರನ ಬೆನ್ನಿಗೆ ಈ ಎಣ್ಣೆಯನ್ನು ಪ್ರತಿ ಸಂಜೆ ತಾವೇ ತಮ್ಮ ಕೈಯಾರೆ ತಿಕ್ಕಬೇಕೆಂದು ಸ್ತ್ರೀ ಸಮಾಜದ ಕೋರಿಕೆ. ಪರಿಣಾಮವನ್ನು ಮುಂದಿನ ಪತ್ರದಲ್ಲಿ ತಿಳಿಸಿರಿ.'

"ಬೇಡ ಅಯ್ಯನವರೇ, ನನಗೆ ಬೆನ್ನುನೋವೇ ಇಲ್ಲ," ಎಂದು ಚಿಕ್ಕಯ್ಯ ಹಿಂದೆ ಸರಿದ.

"ಇಲ್ಲ ಅಂದ್ರೆ ಹೇಗಪ್ಪ? ಪರಿಣಾಮ ಬರೀಬೇಕಂತೆ," ಎಂದರು ಅಮ್ಮನವರು. "ಅಂಗಿ ತೆಗಿ. ನೀವು ತೋಳು ಮಡಚಿಕೊಳ್ರೀ."

ಹೀಗೆ ದಿನಾ ಸಂಜೆ ಅಂಗಳದಲ್ಲಿ, ನೀರಿಗೆ ಬಂದವರೆಲ್ಲ ನೋಡುತ್ತಿರುವಂತೆ, ಅಯ್ಯನವರು ಚಿಕ್ಕಯ್ಯನ ಬೆನ್ನು ತಿಕ್ಕಿದರು. ಬೇಕರಿ ಅಜ್ಜಿ ಬಕೆಟ್ಟು ಇಳಿಸಿ ನಿಂತು, "ಹೆತ್ತ ತಂದೆಯೂ ಹೀಗೆ ಮಾಡೋದಿಲ್ಲ," ಎಂದು ಕಣ್ಣೊರೆಸಿಕೊಂಡಳು. ಅಯ್ಯನವರು ಹಲ್ಲು ಕಚ್ಚಿಕೊಂಡು ಇನ್ನೂ ಬಲವಾಗಿ ತಿಕ್ಕಿದರು.

ಎರಡನೆಯ ಪತ್ರದಲ್ಲಿ ಅಯ್ಯನವರು ದಾರಿ ಬದಲಿಸಿದರು. ದೇಹದ ಸುದ್ದಿಗೆ ಹೋದರೆ ಎಣ್ಣೆ ಬರುತ್ತದೆ, ಮನಸ್ಸಿನ ಸುದ್ದಿ ಬರೆಯೋಣವೆಂದು, 'ಈತನ ಮನಸ್ಸು ಒಂದೆಡೆ ನಿಲ್ಲದೆ ಅಲೆಯುತ್ತಿದೆ, ಪ್ರಾರ್ಥಿಸಿರಿ' ಎಂದರು. ಅವನು ಚಂಚಲ, ನಂಬುವುದಕ್ಕಾಗದವನು ಎಂದು ಊರಿನವರು ತಿಳಿಯಲಿ ಎಂಬುದು ಅವರ ಲೆಕ್ಕ. ಊರಿನವರಿಗೆ ತಿಳಿದದ್ದು ಬೇರೆ. ಏಳು ಮಂದಿ ಕನ್ಯೆಯರ ಫೋಟೋ ಬಂದವು, ಹಿಂಬದಿಯಲ್ಲಿ ವಯಸ್ಸು, ಓದು, ಹಾಡುವ ಧ್ವನಿ ಎಲ್ಲ ಬರೆದು. ತಂದೆಯ ಸ್ಥಾನದಲ್ಲಿ ನಿಂತು ಅಯ್ಯನವರೇ ಒಂದನ್ನು ಆರಿಸಬೇಕೆಂಬ ಕೋರಿಕೆ. ಚಿಕ್ಕಯ್ಯ ನಾಚಿ ಮಾಡಿನ ಮೇಲೆ ಹತ್ತಿ ಕೂತು, ಸೋರದ ಹೆಂಚನ್ನೆಲ್ಲ ಸರಿಪಡಿಸಿದ. ದರ್ಜಿ ಮಾತ್ರ ಆ ವಾರ ನಾಲ್ಕು ಸಲ ಬಂದು ಫೋಟೋ ನೋಡಿಕೊಂಡು ಹೋದ.

ಮೂರನೆಯ ಪತ್ರಕ್ಕೆ ಅಯ್ಯನವರು ಎರಡು ದಿನ ಉಪವಾಸವಿದ್ದರು. ಆಮೇಲೆ ನೇರವಾಗಿ ಬರೆದೇಬಿಟ್ಟರು: 'ಇಷ್ಟು ವರಗಳುಳ್ಳ ಸಹೋದರನಿಗೆ ಈ ಬೀದಿ ಇಕ್ಕಟ್ಟು. ಕರ್ತನು ಈತನಿಗೆ ಇನ್ನೂ ವಿಶಾಲವಾದ ಸೇವೆಯನ್ನು ತೆರೆಯುವಂತೆ ಪ್ರಾರ್ಥಿಸಿರಿ.' ಬಿಡಿಸಿ ಹೇಳಿದರೆ, ಇವನನ್ನು ಇಲ್ಲಿಂದ ಎತ್ತಿರಿ ಎಂದು. ಇದಕ್ಕೆ ಬೇರೆ ಅರ್ಥ ಮಾಡಿಕೊಳ್ಳುವುದು ಯಾರಿಂದಲೂ ಸಾಧ್ಯವಿಲ್ಲವೆಂದು ಅವರು ನಂಬಿದ್ದರು.

ಈ ಸಲ ಟ್ರಂಕು ಬರಲಿಲ್ಲ. ಮಿಷನ್ನಿನ ಕಾರ್ಯದರ್ಶಿಗಳೇ ಬಂದರು. ವರ್ಗಾವಣೆಗೆ ಕಾರ್ಯದರ್ಶಿ ಖುದ್ದಾಗಿ ಬರುವುದುಂಟು. ಅಯ್ಯನವರು ಉಬ್ಬಿಹೋದರು. ಚಿಕ್ಕಯ್ಯನ ಸ್ವೆಟರನ್ನು ಒಗೆದು ಮಡಿಸಿ ಇಡುವಂತೆ ಹೆಂಡತಿಗೆ ಹೇಳಿದರು.

"ಈ ಬಿಸಿಲಲ್ಲಿ ಸ್ವೆಟರ್ ಯಾಕ್ರೀ?"

"ಪ್ರಯಾಣಕ್ಕೆ ಬೇಕಾಗುತ್ತೆ," ಎಂದರು.

ಕಾರ್ಯದರ್ಶಿಗಳು ದಪ್ಪ ಶರೀರದ ಮೃದು ಮನುಷ್ಯರು. ಎಲ್ಲವನ್ನೂ ಒಂದು ದಿನಚರಿಯಲ್ಲಿ ಬರೆದುಕೊಳ್ಳುವ ಅಭ್ಯಾಸ, ಬರೆಯುತ್ತ ಬರೆಯುತ್ತ ಕಣ್ಣಲ್ಲಿ ನೀರು ತಂದುಕೊಳ್ಳುವ ಅಭ್ಯಾಸ. ಶನಿವಾರ ಸಂಜೆ ಅಂಗಳದಲ್ಲಿ ಸಭೆ ಸೇರಿತು. ನೀರಿಗೆ ಬಂದವರು ಬಕೆಟ್ಟಿನ ಸಮೇತ ನಿಂತರು. ಪರವಾನಗಿ ಕಚೇರಿಯ ಗುಮಾಸ್ತನೂ ಬಂದಿದ್ದ.

"ಈ ಮೂರು ಪತ್ರಗಳನ್ನು ನಮ್ಮ ಹದಿನಾರು ಸಭೆಗಳಲ್ಲೂ ಓದಿದೆವು," ಎಂದು ಕಾರ್ಯದರ್ಶಿಗಳು ಶುರು ಮಾಡಿದರು. "ತನಗಿಂತ ಕಿರಿಯವನ ಆರೋಗ್ಯಕ್ಕೆ, ಅವನ ಮದುವೆಗೆ, ಅವನ ಏಳಿಗೆಗೆ ಹೀಗೆ ಹಂಬಲಿಸಿದ ಹಿರಿಯನನ್ನು ನಾನು ಕಂಡಿಲ್ಲ. ಅಸೂಯೆ ಅನ್ನೋದು ಇವರ ಹತ್ತಿರ ಸುಳಿದಿಲ್ಲ. ಆದ್ದರಿಂದ ಮಿಷನ್ನು ಎರಡು ತೀರ್ಮಾನ ಮಾಡಿದೆ. ಕಿರಿಯವರಿಗೆ ವಿಶಾಲವಾದ ಸೇವೆ ಕೊಡಿ ಅಂತ ಅಯ್ಯನವರು ಕೇಳಿದ್ದರು. ಅದಕ್ಕೆ ಈ ಇಡೀ ಮಿಷನ್ ಠಾಣೆಯನ್ನೇ ಚಿಕ್ಕಯ್ಯನವರಿಗೆ ವಹಿಸಿಕೊಟ್ಟಿದ್ದೇವೆ. ಅಯ್ಯನವರನ್ನ ನಾನು ಸೋಮವಾರ ನನ್ನ ಜೊತೆಗೇ ಊರಿಗೆ ಕರ್ಕೊಂಡು ಹೋಗ್ತೀನಿ. ತರಬೇತಿ ಶಾಲೆಯಲ್ಲಿ ಹೊಸ ಹುದ್ದೆ. ಎಳೆಯ ಪಾದ್ರಿಗಳಿಗೆ ಇವರು ಸಹೋದರ ಪ್ರೀತಿಯ ಪಾಠ ಹೇಳಬೇಕು."

ಅಯ್ಯನವರು ಮೆಟ್ಟಿಲ ಮೇಲೆ ಕೂತರು. ದರ್ಜಿಯ ಅಳಿಯ ಕೊನೆಗೆ ಕೆಲಸಕ್ಕೆ ಹೋದನೋ ಇಲ್ಲವೋ, ಅಜ್ಜಿಯ ಮಂಡಿ ಈ ಚಳಿಗಾಲಕ್ಕೆ ಹೇಗಿರುತ್ತದೋ, ಇದಾವುದೂ ಇನ್ನು ತಮಗೆ ಗೊತ್ತಾಗುವುದಿಲ್ಲ. ಊರಿನಲ್ಲಿ ಅವರಿಗೆ ಹೆಸರಿತ್ತು, ನೆಂಟರಿದ್ದರು. ಆದರೆ ಬದುಕಿದ್ದದ್ದು ಈ ಬೀದಿಯಲ್ಲಿ. ಇದನ್ನು ಬಿಟ್ಟು ಹೋಗಲಾರೆನೆಂದು ಅವರಿಗೆ ಆ ಗಳಿಗೆಯಲ್ಲಿ ಸ್ಪಷ್ಟವಾಗಿ ಗೊತ್ತಾಯಿತು.

"ಇಲ್ಲ," ಎಂದರು. "ನಾನು ಆ ಪಾಠ ಹೇಳೋಕೆ ಯೋಗ್ಯನಲ್ಲ. ಆ ಪತ್ರ ಎಲ್ಲ ಬರೆದದ್ದು ಹೊಟ್ಟೆಕಿಚ್ಚಿಂದ."

ಕಾರ್ಯದರ್ಶಿಗಳು ದಿನಚರಿ ತೆಗೆದರು. "ಎಂಥ ನಮ್ರತೆ," ಎಂದು ಬರೆದುಕೊಂಡರು.

"ನಮ್ರತೆ ಅಲ್ಲ ಸ್ವಾಮಿ, ನಿಜವಾದ ಹೊಟ್ಟೆಕಿಚ್ಚು. ಇವನು ಪಂಪು ಸರಿ ಮಾಡಿದ, ನನಗೆ ಉರೀತು. ಸ್ಟವ್ವು ಸರಿ ಮಾಡಿದ, ಇನ್ನೂ ಉರೀತು."

"ತನ್ನನ್ನ ಎಷ್ಟು ಕಡಿಮೆ ಮಾಡಿಕೊಳ್ತಾರೆ ನೋಡಿ," ಎಂದು ಕಾರ್ಯದರ್ಶಿಗಳು ಕರವಸ್ತ್ರ ಹುಡುಕಿದರು.

ಅಮ್ಮನವರು ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದವರು ಸೆರಗು ಬಿಗಿದುಕೊಂಡು ಹೊರಗೆ ಬಂದರು. ಅವರಿಗೂ ಹೋಗುವ ಮನಸ್ಸಿರಲಿಲ್ಲ. "ಇಪ್ಪತ್ತಾರು ವರ್ಷ ಇವರ ಜೊತೆ ಸಂಸಾರ ಮಾಡಿದ್ದೀನಿ," ಎಂದರು. "ಇವರಷ್ಟು ಹೊಟ್ಟೆಕಿಚ್ಚಿನ ಮನುಷ್ಯನ್ನ ನಾನು ನೋಡಿಲ್ಲ. ನಮ್ಮ ಮದುವೇಲಿ ನನ್ನ ತಮ್ಮನ ಕೋಟು ಚೆನ್ನಾಗಿದೆ ಅಂತ ಯಾರೋ ಅಂದ್ರು, ಇವರು ಫೋಟೋಗೆ ಅವನನ್ನ ಕಂಬದ ಹಿಂದೆ ನಿಲ್ಲಿಸಿದರು. ಆಲ್ಬಮ್ ಒಳಗಿದೆ, ತರ್ಲಾ?"

ಕಾರ್ಯದರ್ಶಿಗಳ ಪೆನ್ನು ನಿಂತಿತು.

ಅಷ್ಟು ಸಾಕಾಯಿತು. ಅಯ್ಯನವರನ್ನು ಉಳಿಸಿಕೊಳ್ಳಲು ಬೀದಿಗೆ ದಾರಿ ಸಿಕ್ಕಿತು. ದರ್ಜಿ ಬಕೆಟ್ಟು ಕೆಳಗಿಟ್ಟು ಮುಂದೆ ನುಗ್ಗಿದ. "ನಾನು ಹೇಳ್ತೀನಿ ಕೇಳಿ. ಚಿಕ್ಕಯ್ಯಂಗೆ ಒಂದು ನಿಲುವಂಗಿ ಹೊಲಿದುಕೊಟ್ಟೆ. ಮಾರನೇ ದಿನ ಅಯ್ಯನವರು ತಮ್ಮದನ್ನ ತಂದು, ಯಾರದು ಉದ್ದ ಇದೆ ಅಳೆದು ಹೇಳು ಅಂದ್ರು. ಇವರದು ಅರ್ಧ ಅಂಗುಲ ಗಿಡ್ಡ. ಅಂಚು ಬಿಚ್ಚಿಸಿಕೊಂಡು ಹೋದರು."

"ನನ್ನ ಹತ್ತಿರ ಬಂದು, ಅವನಿಗೆ ಕೊಟ್ಟ ಬ್ರೆಡ್ಡು ಒಲೆಯ ಯಾವ ಮೂಲೇಲಿ ಬೆಂದಿದ್ದು ಅಂತ ಕೇಳಿದ್ರು," ಎಂದಳು ಬೇಕರಿ ಅಜ್ಜಿ. "ಅದೇ ಮೂಲೆಯದು ನನಗೂ ಬೇಕು ಅಂತ ಹಟ."

"ಚಿಕ್ಕಯ್ಯನ ಕಾಗದದ ಮೇಲೆ ಕೈತಪ್ಪಿ ಒಂದು ಮುದ್ರೆ ಜಾಸ್ತಿ ಬಿದ್ದಿತ್ತು," ಎಂದು ಗುಮಾಸ್ತ ಸರ್ಕಾರಿ ಗಾಂಭೀರ್ಯದಿಂದ ಸಾಕ್ಷಿ ನುಡಿದ. "ಇವರು ಅರ್ಧ ದಾರಿಯಿಂದ ವಾಪಸ್ಸು ಬಂದು ತಮಗೂ ಒಂದು ಹಾಕಿಸಿಕೊಂಡು ಹೋದರು. ದಾಖಲೆ ಇದೆ."

ಒಬ್ಬೊಬ್ಬರೂ ಇನ್ನೊಬ್ಬರನ್ನು ಹಿಂದಕ್ಕೆ ತಳ್ಳಿ ಅಯ್ಯನವರ ಮಾನ ಕಳೆಯಲು ಮುಂದೆ ಬಂದರು. ಅಯ್ಯನವರು ಒಂದೊಂದಕ್ಕೂ "ಹೌದು, ಹೌದು" ಎಂದು ತಲೆಯಾಡಿಸಿದರು. ಹನ್ನೊಂದು ವರ್ಷದಲ್ಲಿ ಯಾರೂ ಅವರನ್ನು ಇಷ್ಟು ಪ್ರೀತಿಯಿಂದ ಬೈದಿರಲಿಲ್ಲ. ಅವರ ಕಣ್ಣು ತುಂಬಿಬಂತು.

ಎಲ್ಲ ಸರಿಹೋಗುತ್ತಿರುವಾಗ ಚಿಕ್ಕಯ್ಯ ಬಾಯಿ ತೆರೆದ. "ಇದೆಲ್ಲ ಸುಳ್ಳು ಸ್ವಾಮಿ. ಅಯ್ಯನವರು ನನಗೆ ತಂದೆ ಸಮಾನ. ದಿನಾ ಸಂಜೆ ಬೆನ್ನು ತಿಕ್ಕಿದ್ದಾರೆ."

"ಹಾಗೆ ಹೇಳಿ ಮತ್ತೆ," ಎಂದು ಕಾರ್ಯದರ್ಶಿಗಳು ಪೆನ್ನೆತ್ತಿದರು.

"ಸಿಟ್ಟಿಂದ ತಿಕ್ಕಿದ್ದು," ಎಂದರು ಅಯ್ಯನವರು ಗಾಬರಿಯಿಂದ. "ಚರ್ಮ ಕಿತ್ತು ಬರಲಿ ಅಂತ ತಿಕ್ಕಿದ್ದು. ಅಂಗಿ ಎತ್ತಿ ತೋರಿಸು, ಇನ್ನೂ ಕೆಂಪಿರಬೇಕು."

ಅಮ್ಮನವರೇ ಹೋಗಿ ಚಿಕ್ಕಯ್ಯನ ಅಂಗಿ ಎತ್ತಿದರು. ಬೆನ್ನು ಕೆಂಪಗಿತ್ತು. ಕಾರ್ಯದರ್ಶಿಗಳು ಬಗ್ಗಿ ನೋಡಿ, ನಿಟ್ಟುಸಿರು ಬಿಟ್ಟು, ದಿನಚರಿಯಲ್ಲಿ ಅಯ್ಯನವರ ಹೆಸರನ್ನು ಹೊಡೆದುಹಾಕಿದರು. ದರ್ಜಿ ಗೆದ್ದವನಂತೆ ಸುತ್ತ ನೋಡಿದ.

"ಸರಿ," ಎಂದರು ಕಾರ್ಯದರ್ಶಿಗಳು. "ಆದರೆ ಹುದ್ದೆ ಮಂಜೂರಾಗಿದೆ, ಬೋರ್ಡು ಕೂಡ ಬರೆಸಿಯಾಗಿದೆ. ಖಾಲಿ ಇಡೋ ಹಾಗಿಲ್ಲ. ಹೊಟ್ಟೆಕಿಚ್ಚಿಲ್ಲದವರು ಒಬ್ಬರು ಬೇಕು. ಇಷ್ಟೆಲ್ಲ ಕೇಳಿಯೂ ಇವರ ಪರವಾಗಿ ಮಾತಾಡಿದವರು ಚಿಕ್ಕಯ್ಯ ಒಬ್ಬರೇ. ಹಾಗಾದರೆ ಅವರನ್ನೇ ಕರ್ಕೊಂಡು ಹೋಗ್ತೀನಿ."

ಕೇಳಿದ್ದು ಕೈಗೆ ಬಂದಿತ್ತು. ಮೂರು ಪತ್ರ, ಎರಡು ದಿನದ ಉಪವಾಸ, ಒಂದು ಸೀಸೆ ಎಣ್ಣೆ ಇದಕ್ಕಾಗಿಯೇ ಖರ್ಚಾದದ್ದು. 'ಕರ್ತನಿಗೆ ಸ್ತೋತ್ರ' ಎನ್ನಲು ಅಯ್ಯನವರು ಬಾಯಿ ತೆರೆದವರು, ಹಾಗೇ ಜನರ ಕಡೆ ನೋಡಿದರು. ಯಾರೂ ನುಗ್ಗಿ ಬರಲಿಲ್ಲ. ದರ್ಜಿ ಬಕೆಟ್ಟು ಎತ್ತಿಕೊಂಡ. ಗುಮಾಸ್ತ ಗಡಿಯಾರ ನೋಡಿಕೊಂಡ. ಬೇಕರಿ ಅಜ್ಜಿ, "ಒಳ್ಳೆ ಹುಡುಗ, ಎಲ್ಲಿದ್ದರೂ ಬದುಕ್ತಾನೆ," ಎಂದಳು. ಚಿಕ್ಕಯ್ಯ ಅಂಗಿ ಸರಿಮಾಡಿಕೊಂಡು ನೆಲ ನೋಡುತ್ತ ನಿಂತಿದ್ದ. ಮೆಟ್ಟಿಲ ಮೇಲೆ ಒಬ್ಬರೇ ಕೂತು, ಜನ ಬಕೆಟ್ಟು ತುಂಬಿಸಿಕೊಂಡು ಹೋಗುವುದನ್ನು ತಿಂಗಳುಗಟ್ಟಲೆ ನೋಡಿದ್ದ ಅಯ್ಯನವರಿಗೆ ಆ ನಿಲುವು ಚೆನ್ನಾಗಿ ಗೊತ್ತಿತ್ತು. ಅವರು ಬಾಯಿಗೆ ಬಂದಿದ್ದ ಸ್ತೋತ್ರವನ್ನು ನುಂಗಿಕೊಂಡರು.

"ಅವನೂ ಆಗಲ್ಲ," ಎಂದರು. "ಅವನಿಗೂ ಹೊಟ್ಟೆಕಿಚ್ಚಿದೆ. ನಾನೇ ಸಾಕ್ಷಿ."

"ಯಾರ ಮೇಲೆ?" ಎಂದರು ಕಾರ್ಯದರ್ಶಿಗಳು.

ಅಯ್ಯನವರು ಅಷ್ಟು ದೂರ ಯೋಚಿಸಿರಲಿಲ್ಲ. "ನನ್ನ ಮೇಲೆ," ಎಂದುಬಿಟ್ಟರು.

ಅಂಗಳ ಗೊಳ್ಳೆಂದು ನಕ್ಕಿತು. "ನಿಮ್ಮ ಮೇಲಾ?" ಎಂದ ದರ್ಜಿ. "ನಿಮ್ಮ ಹತ್ತಿರ ಏನಿದೆ ಅಂತ?" ಅಯ್ಯನವರು ಯೋಚಿಸಿದರು. ತಲೆ ಕೆರೆದುಕೊಂಡರು. ಒಂದು ಕಾರಣವೂ ಹೊಳೆಯಲಿಲ್ಲ. ಅಮ್ಮನವರೂ ಸಹಾಯಕ್ಕೆ ಬರಲಾಗದೆ ಹಗ್ಗದ ಮೇಲಿನ ಬಟ್ಟೆ ನೋಡಿದರು.

"ನಿಜ," ಎಂದ ಚಿಕ್ಕಯ್ಯ.

ನಗು ನಿಂತಿತು. ಅವನು ಅಷ್ಟು ದೀರ್ಘವಾಗಿ ಮಾತಾಡಿದ್ದನ್ನು ಬೀದಿ ಕೇಳಿದ್ದು ಅಂದೇ. "ನಾನು ಬಂದ ಮೇಲೆ ಈ ಬೀದೀಲಿ ನಲವತ್ತಮೂರು ಸಾಮಾನು ಸರಿ ಮಾಡಿದ್ದೀನಿ. ಎಲ್ಲರೂ ಥ್ಯಾಂಕ್ಸ್ ಅಂದ್ರು. ಒಬ್ಬರೂ ಬಾ ಕೂತ್ಕೋ ಅಂದಿಲ್ಲ. ದರ್ಜಿ ತನ್ನ ಅಳಿಯನ ಮಾತು ನನ್ನ ಹತ್ತಿರ ಒಂದು ಸಲವೂ ಎತ್ತಿಲ್ಲ. ಇವರನ್ನ ಕರ್ಕೊಂಡು ಹೋಗ್ತೀನಿ ಅಂದ ತಕ್ಷಣ ಬೀದಿಗೆ ಬೀದಿಯೇ ಬೈಯೋಕೆ ಓಡಿ ಬಂತು. ನನ್ನನ್ನ ಕರ್ಕೊಂಡು ಹೋಗ್ತೀನಿ ಅಂದಾಗ ಯಾರೂ ಒಂದು ಮಾತು ಬೈಯಲಿಲ್ಲ. ನನಗೂ ಅಯ್ಯನವರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ ಸ್ವಾಮಿ. ಬಂದ ದಿನದಿಂದ ಉರೀತಾನೇ ಇದೆ."

ದರ್ಜಿ ಬಕೆಟ್ಟನ್ನು ಮತ್ತೆ ಕೆಳಗಿಟ್ಟ. ಕಾರ್ಯದರ್ಶಿಗಳು ಇಬ್ಬರನ್ನೂ ಮತ್ತೆ ಮತ್ತೆ ನೋಡಿ, "ಇಬ್ಬರೂ ನಾಲಾಯಕ್ಕು. ಇಲ್ಲೇ ಬಿದ್ದಿರಿ," ಎಂದು ದಿನಚರಿ ಮುಚ್ಚಿದರು.

ಅಯ್ಯನವರಿಗೆ ಅದು ಕೇಳಿಸಲೇ ಇಲ್ಲ. ಅವರ ಮುಖ ಅರಳಿ ಇಷ್ಟಗಲವಾಗಿತ್ತು. ಮೆಟ್ಟಿಲ ಮೇಲೆ ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬಾರಪ್ಪ, ಇಲ್ಲಿ ಕೂತ್ಕೋ," ಎಂದರು. "ಅದೇನೋ ಕೊನೇಲಿ ಅಂದೆಯಲ್ಲ, ನನ್ನ ಮೇಲೆ ಹೊಟ್ಟೆಕಿಚ್ಚು ಅಂತ, ಅದನ್ನ ಇನ್ನೊಂದು ಸಲ ಹೇಳು. ಸ್ವಲ್ಪ ಜೋರಾಗಿ ಹೇಳು, ಹಿಂದೆ ನಿಂತವರಿಗೆ ಕೇಳಿಸಿಲ್ಲ."